‘ಗೆಟ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಅರಿತು ಬಳಸುವುದು ಹೇಗೆ: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ಕಚೇರಿಯಲ್ಲಿ ಬೆಳಗಿನ ಮೀಟಿಂಗ್ ಮುಗಿಯುವಷ್ಟರಲ್ಲಿ ‘ಗೆಟ್’ ಎಂಬ ಪದ ಹಲವು ಬಾರಿ ಕಿವಿಗೆ ಬಿದ್ದಿರುತ್ತದೆ. ‘ಡಿಡ್ ಯು ಗೆಟ್ ಮೈ ಮೇಲ್?’ ಎಂದು ಒಬ್ಬರು ಕೇಳುತ್ತಾರೆ. ‘ಐ ಡೋಂಟ್ ಗೆಟ್ ದಿಸ್ ಪಾಯಿಂಟ್’ ಎಂದು ಇನ್ನೊಬ್ಬರು ಹೇಳುತ್ತಾರೆ. ‘ಇಟ್ ಈಸ್ ಗೆಟಿಂಗ್ ಲೇಟ್’ ಎಂದು ಮತ್ತೊಬ್ಬರು ಗಡಿಯಾರ ನೋಡುತ್ತಾರೆ. ‘ಗೆಟ್ ಇಟ್ ಡನ್ ಬೈ ಸಿಕ್ಸ್’ ಎಂದು ಹೇಳಿ ಮ್ಯಾನೇಜರ್ ಎದ್ದು ಹೋಗುತ್ತಾರೆ. ಮೊದಲ ವಾಕ್ಯದಲ್ಲಿ ಅದರ ಅರ್ಥ ‘ಬಂದು ತಲುಪು’, ಎರಡನೆಯದರಲ್ಲಿ ‘ಅರ್ಥವಾಗು’, ಮೂರನೆಯದರಲ್ಲಿ ‘ಆಗು’, ನಾಲ್ಕನೆಯದರಲ್ಲಿ ‘ಮುಗಿಸು’. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ಊರಿಗೆ ಕೆಲಸಕ್ಕೆ ಬಂದವರಲ್ಲಿ ಅನೇಕರು ಕಷ್ಟದ ಇಂಗ್ಲಿಷ್ ಪದಗಳನ್ನು ಚೆನ್ನಾಗಿಯೇ ಕಲಿತಿರುತ್ತಾರೆ. ಅವರ ಮಾತನ್ನು ನಡುವೆ ತಡೆಯುವುದು ಇಂಥ ಚಿಕ್ಕ ಪದವೇ.

ಈ ಪದದ ಅರ್ಥಗಳನ್ನು ಪಟ್ಟಿ ಮಾಡಿ ಉರು ಹಚ್ಚುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಮುಂದೆ ಯಾವ ಪದ ಬಂದಿದೆ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು; ಆಮೇಲೆ ನಾವು ಮಾತು ಕಲಿತಾಗಿನಿಂದ ಬಳಸುತ್ತಿರುವ ‘ಸಿಗು’, ‘ಆಗು’, ‘ಮಾಡಿಸು’ ಎಂಬ ಕನ್ನಡದ ರೂಪಗಳೊಂದಿಗೆ ಅದನ್ನು ಹೊಂದಿಸಿ ನೋಡಬೇಕು. ಈ ಎರಡೂ ಕೂಡಿಬಂದರೆ ಬಹುಪಾಲು ತೊಡಕು ಬಿಡಿಸಿಕೊಳ್ಳುತ್ತದೆ.

ಮೊದಲ ಹೆಜ್ಜೆ: ‘ಪಡೆ’ ಎಂಬ ಒಂದೇ ಅರ್ಥವನ್ನು ಬದಿಗಿಡಿ

ಶಾಲೆಯಲ್ಲಿ ಮೇಷ್ಟ್ರು ‘ಗೆಟ್ ಎಂದರೆ ಪಡೆ’ ಎಂದು ಬರೆಸಿರುತ್ತಾರೆ. ಅದು ಸುಳ್ಳಲ್ಲ. ಸ್ಕ್ಯಾಂಡಿನೇವಿಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವರ ಹಳೆಯ ನಾರ್ಸ್ ಭಾಷೆಯ ‘ಗೆಟಾ’ ಎಂಬ ಧಾತುವಿನಿಂದ ಇದು ಇಂಗ್ಲಿಷಿಗೆ ಬಂದಿದೆ, ಆ ಧಾತುವಿನ ಅರ್ಥವೂ ಪಡೆಯುವುದೇ. ಆದರೆ ಶತಮಾನಗಳ ಬಳಕೆಯಲ್ಲಿ ಅದು ವಸ್ತುವನ್ನು ಪಡೆಯುವುದರಿಂದ ಸ್ಥಳವನ್ನು ಸೇರುವುದಕ್ಕೆ, ಸ್ಥಳದಿಂದ ಸ್ಥಿತಿಗೆ ಬರುವುದಕ್ಕೆ ಹರಡಿಕೊಂಡಿತು. ಹಿಂದೆ ಇರಲಿಲ್ಲ, ಈಗ ಬಂತು ಎಂಬ ಬದಲಾವಣೆ ಅದರ ಬಹುತೇಕ ಎಲ್ಲ ಬಳಕೆಗಳ ಒಳಗೂ ಇದೆ.

ಇಂಥ ಚಿಕ್ಕ ಕ್ರಿಯಾಪದಗಳೇ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತಿವೆ. 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ನಮೂದು ಯಾವುದೋ ಶಾಸ್ತ್ರೀಯ ಪದದ್ದಲ್ಲ, ‘ಸೆಟ್’ ಎಂಬುದರದು. ನಮ್ಮಲ್ಲೂ ಹಾಗೆಯೇ ಇದೆ. ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಊಟಕ್ಕೆ ಎಲೆ ಹಾಕುತ್ತೇವೆ. ‘ಹಾಕು’ ಎಂಬುದಕ್ಕೆ ಇಷ್ಟೊಂದು ಅರ್ಥಗಳಿವೆ ಎಂದು ಯಾವ ಕನ್ನಡದ ಮಗುವೂ ಬಾಯಿಪಾಠ ಮಾಡುವುದಿಲ್ಲ, ಜೊತೆಗಿರುವ ಪದದಿಂದಲೇ ತಿಳಿದುಕೊಳ್ಳುತ್ತದೆ. ‘ಗೆಟ್’ ಅನ್ನು ಕಲಿಯುವ ದಾರಿಯೂ ಇದೇ.

ಎರಡನೆಯ ಹೆಜ್ಜೆ: ಮುಂದೆ ವಸ್ತುವಿನ ಹೆಸರಿದ್ದರೆ

‘ಗೆಟ್’ ಆದ ಮೇಲೆ ನಾಮಪದ ಬಂದರೆ ಅದು ಕನ್ನಡದಲ್ಲಿ ‘ಸಿಗು’, ‘ಬರು’, ‘ತರು’, ‘ತೆಗೆದುಕೊಳ್ಳು’ ಎಂಬವುಗಳಲ್ಲಿ ಒಂದಾಗಿರುತ್ತದೆ. ‘ನನಗೆ ಕೆಲಸ ಸಿಕ್ಕಿತು’ ಎಂಬ ಕನ್ನಡ ವಾಕ್ಯದಲ್ಲಿ ಕರ್ತೃವಿನ ಸ್ಥಾನದಲ್ಲಿರುವುದು ಕೆಲಸ. ‘ನಾನು’ ಎಂಬುದು ಚತುರ್ಥಿ ವಿಭಕ್ತಿ ಹಚ್ಚಿಕೊಂಡು ‘ನನಗೆ’ ಆಗಿ ಪಕ್ಕದಲ್ಲಿ ನಿಂತಿದೆ. ಇಂಗ್ಲಿಷ್ ಹಾಗೆ ಹೇಳುವುದಿಲ್ಲ. ಅಲ್ಲಿ ‘ಐ’ ಮುಂದೆ ಬಂದು ‘ಐ ಗಾಟ್ ಎ ಜಾಬ್’ ಎಂದಾಗುತ್ತದೆ. ಜ್ವರ ಬರುವುದರಲ್ಲಿ ನಮ್ಮ ಪ್ರಯತ್ನವೇನೂ ಇಲ್ಲದಿದ್ದರೂ ‘ಐ ಗಾಟ್ ಎ ಫೀವರ್’ ಎನ್ನಬೇಕು. ‘ಫೀವರ್ ಕೇಮ್ ಟು ಮೀ’ ಎಂದರೆ ಕನ್ನಡದ ಎಲುಬಿನ ಮೇಲೆ ಇಂಗ್ಲಿಷಿನ ಚರ್ಮ ಹೊದಿಸಿದಂತೆ ಕೇಳಿಸುತ್ತದೆ. ಆದ್ದರಿಂದ ಕನ್ನಡದಲ್ಲಿ ‘ನನಗೆ ಸಿಕ್ಕಿತು’, ‘ನನಗೆ ಬಂತು’ ಎಂದು ಮನಸ್ಸಿಗೆ ಬಂದ ಕಡೆಯಲ್ಲೆಲ್ಲ ‘ನನಗೆ’ ಎಂಬುದನ್ನು ‘ಐ’ ಮಾಡಿ, ‘ಗಾಟ್’ ಸೇರಿಸಿ ನೋಡಿ. ಹತ್ತರಲ್ಲಿ ಎಂಟು ಕಡೆ ವಾಕ್ಯ ಸರಿಯಾಗಿಯೇ ನಿಲ್ಲುತ್ತದೆ.

ಪ್ರಯತ್ನ ಇತ್ತೋ ಇಲ್ಲವೋ ಎಂಬುದನ್ನು ‘ಗೆಟ್’ ತಾನಾಗಿ ಹೇಳುವುದಿಲ್ಲ. ‘ಐ ಗಾಟ್ ದ ಟಿಕೆಟ್ಸ್’ ಎಂದರೆ ಟಿಕೆಟ್ ಸಿಕ್ಕಿತು ಎಂದೂ ಆಗಬಹುದು, ನಾನು ಹೋಗಿ ತಂದೆ ಎಂದೂ ಆಗಬಹುದು. ಸಂದರ್ಭ ನೋಡಿಯೇ ತಿಳಿಯಬೇಕು. ಬಾಗಿಲ ಕರೆಗಂಟೆ ಬಾರಿಸಿದಾಗ ಯಾರಾದರೂ ‘ಐ ವಿಲ್ ಗೆಟ್ ಇಟ್’ ಎಂದರೆ ‘ಇರಿ, ನಾನು ಬಾಗಿಲು ತೆಗೆಯುತ್ತೇನೆ’ ಎಂದು ಅರ್ಥ. ಫೋನ್ ಬಾರಿಸಿದಾಗ ಅದೇ ಮಾತಿಗೆ ‘ನಾನು ಎತ್ತುತ್ತೇನೆ’ ಎಂದು ಅರ್ಥ.

ಏನನ್ನಾದರೂ ಕೇಳುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ದರ್ಶಿನಿಯ ಕೌಂಟರಿನಲ್ಲಿ ‘ಅಣ್ಣಾ, ಒಂದು ಬೈಟೂ ಕಾಫಿ ಕೊಡಿ’ ಎಂದರೆ ಅದು ಸಭ್ಯವಾದ ಮಾತು. ‘ಅಣ್ಣಾ’ ಎಂಬ ಸಂಬೋಧನೆ, ‘ಕೊಡಿ’ಯ ಕೊನೆಯಲ್ಲಿರುವ ಬಹುವಚನ ಎರಡೂ ಗೌರವವನ್ನು ಹೊತ್ತಿವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಗೌರವಸೂಚಕ ಪ್ರತ್ಯಯವಿಲ್ಲ. ‘ಗೆಟ್ ಮೀ ಎ ಕಾಫಿ’ ಎಂದರೆ ‘ನನಗೊಂದು ಕಾಫಿ ತಂದುಕೊಡು’ ಎಂದು ಏಕವಚನದಲ್ಲಿ ಅಪ್ಪಣೆ ಮಾಡಿದ ಹಾಗಾಗುತ್ತದೆ. ಅದೇ ‘ಕುಡ್ ಐ ಗೆಟ್ ಎ ಕಾಫಿ, ಪ್ಲೀಸ್?’ ಎಂದರೆ ಗೌರವ ಬಂತು. ನಮ್ಮ ಹುಡುಗರು ವಿದೇಶದ ಸಹೋದ್ಯೋಗಿಗಳಿಗೆ ‘ಗೆಟ್ ಮೀ ದ ಫೈಲ್’ ಎಂದು ಬರೆದು ಒರಟರೆನಿಸಿಕೊಳ್ಳುವುದು ಮನಸ್ಸಿನಲ್ಲಿ ಮರ್ಯಾದೆ ಇಲ್ಲದ್ದರಿಂದಲ್ಲ; ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲಿರುವ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ವಾಕ್ಯದ ತಲೆಯಲ್ಲಿ ಇಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅರ್ಥವಾಗುವುದು ಎಂಬ ಬಳಕೆಯೂ ಈ ಗುಂಪಿನದೇ. ‘ಗಾಟ್ ಇಟ್’ ಎಂದರೆ ಗೊತ್ತಾಯಿತು. ‘ಐ ಡೋಂಟ್ ಗೆಟ್ ಇಟ್’ ಎಂದರೆ ವಿಷಯವೇ ಅರ್ಥವಾಗುತ್ತಿಲ್ಲ. ‘ಐ ಡಿಡಂಟ್ ಗೆಟ್ ದ್ಯಾಟ್’ ಎಂದರೆ ನೀವು ಈಗ ಹೇಳಿದ್ದು ಕೇಳಿಸಲಿಲ್ಲ ಅಥವಾ ತಿಳಿಯಲಿಲ್ಲ. ನಮ್ಮಲ್ಲಿ ರೂಢಿಯಾಗಿರುವ ‘ಐ ಆಮ್ ನಾಟ್ ಗೆಟಿಂಗ್ ಯು’ ಎಂಬುದು ‘ಅರ್ಥವಾಗುತ್ತಿಲ್ಲ’ ಎಂಬುದರ ನೇರ ನೆರಳು. ಹೊರದೇಶದವರೊಂದಿಗೆ ಮಾತನಾಡುವಾಗ ಮೇಲಿನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಮುಂದೆ ಗುಣವಾಚಕವಿದ್ದರೆ

ಇಲ್ಲಿ ಕನ್ನಡದ ‘ಆಗು’ ನೇರವಾಗಿ ಕೈಹಿಡಿಯುತ್ತದೆ. ಸುಸ್ತಾಯಿತು, ‘ಐ ಗಾಟ್ ಟೈರ್ಡ್’. ಕೋಪ ಬಂತು, ‘ಐ ಗಾಟ್ ಆಂಗ್ರಿ’. ಹೊತ್ತಾಗುತ್ತಿದೆ, ‘ಇಟ್ ಈಸ್ ಗೆಟಿಂಗ್ ಲೇಟ್’. ಕತ್ತಲಾಗುತ್ತಿದೆ, ‘ಇಟ್ ಈಸ್ ಗೆಟಿಂಗ್ ಡಾರ್ಕ್’. ‘ಹೊತ್ತಾಗುತ್ತಿದೆ’ ಎನ್ನುವಾಗ ನಮಗೆ ಬೇರೆ ಕರ್ತೃ ಬೇಕಿಲ್ಲ. ಇಂಗ್ಲಿಷಿಗೆ ಅಲ್ಲೊಂದು ‘ಇಟ್’ ಬೇಕೇ ಬೇಕು.

ಸ್ಥಿತಿ ಬೇರೆ, ಸ್ಥಿತಿಗೆ ಬರುವುದು ಬೇರೆ. ‘ಒದ್ದೆಯಾಗಿದ್ದೆ’ ಎಂಬುದು ‘ಐ ವಾಸ್ ವೆಟ್’, ‘ಒದ್ದೆಯಾದೆ’ ಎಂಬುದು ‘ಐ ಗಾಟ್ ವೆಟ್’. ‘ಅವರಿಗೆ ಮದುವೆಯಾಗಿದೆ’ ಎಂಬುದು ‘ದೇ ಆರ್ ಮ್ಯಾರೀಡ್’, ‘ಅವರಿಗೆ ಹೋದ ವರ್ಷ ಮದುವೆಯಾಯಿತು’ ಎಂಬುದು ‘ದೇ ಗಾಟ್ ಮ್ಯಾರೀಡ್ ಲಾಸ್ಟ್ ಇಯರ್’. ಯಾರೊಂದಿಗೆ ಎಂದು ಸೇರಿಸುವಾಗ ಕನ್ನಡದ ‘ಜೊತೆ’ ನಮ್ಮನ್ನು ‘ವಿತ್’ ಕಡೆಗೆ ಎಳೆಯುತ್ತದೆ. ಇಂಗ್ಲಿಷಿನಲ್ಲಿ ಅದು ‘ಗೆಟ್ ಮ್ಯಾರೀಡ್ ಟು’.

‘ಆಗು’ ಎಲ್ಲೆಡೆಯೂ ‘ಗೆಟ್’ ಆಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕನ್ನಡದಲ್ಲಿ ‘ಡಾಕ್ಟರ್ ಆದಳು’ ಎನ್ನುವಂತೆ ನಾಮಪದದ ಜೊತೆಗೂ ‘ಆಗು’ ಬರುತ್ತದೆ. ಅದನ್ನು ನಂಬಿ ‘ಷಿ ಗಾಟ್ ಎ ಡಾಕ್ಟರ್’ ಎಂದರೆ ಅವಳು ಡಾಕ್ಟರನ್ನು ಕರೆತಂದಳು ಎಂದು ಅರ್ಥವಾಗುತ್ತದೆ. ಅಲ್ಲಿ ‘ಬಿಕೇಮ್’ ಬೇಕು. ಹಾಗೆಯೇ ಮುಖ ಕೆಂಪಾದರೆ ‘ಟರ್ನ್ಡ್’, ಹಾಲು ಕೆಟ್ಟರೆ ‘ವೆಂಟ್ ಬ್ಯಾಡ್’ ಎನ್ನುವುದು ರೂಢಿ.

ನಾಲ್ಕನೆಯ ಹೆಜ್ಜೆ: ‘ಮಾಡಿಸು’ ಎಂಬ ಅರ್ಥವನ್ನು ವಶಮಾಡಿಕೊಳ್ಳಿ

ಇಡೀ ಪದದಲ್ಲಿ ಕನ್ನಡಿಗರಿಗೆ ಅತ್ಯಂತ ಉಪಯುಕ್ತವಾದ, ಆದರೂ ಅತ್ಯಂತ ಕಡಿಮೆ ಬಳಕೆಯಾಗುವ ಭಾಗ ಇದು. ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯ ಹಚ್ಚಿ ಒಂದೇ ಉಸಿರಿನಲ್ಲಿ ಮಾಡಿಸಿದೆ, ಬರೆಸಿದೆ, ಹೊಲಿಸಿದೆ, ಕಟ್ಟಿಸಿದೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಆ ಕೊರತೆಯನ್ನು ‘ಗೆಟ್’ ತುಂಬುತ್ತದೆ. ‘ಗಾಡಿ ಸರ್ವಿಸ್ ಮಾಡಿಸಿದೆ’ ಎಂಬುದು ‘ಐ ಗಾಟ್ ಮೈ ಬೈಕ್ ಸರ್ವಿಸ್ಡ್’. ‘ಬೆಂಗಳೂರು ಒನ್ ಕೇಂದ್ರದಲ್ಲಿ ಆಧಾರ್ ವಿಳಾಸ ಬದಲಾಯಿಸಿಕೊಂಡೆ’ ಎಂಬುದು ‘ಐ ಗಾಟ್ ಮೈ ಆಧಾರ್ ಅಡ್ರೆಸ್ ಚೇಂಜ್ಡ್ ಅಟ್ ಬೆಂಗಳೂರು ಒನ್’. ಕೂದಲು ಕತ್ತರಿಸಿಕೊಳ್ಳುವುದಕ್ಕೆ ಸೆಲೂನಿಗೆ ಹೋಗಿಬಂದವರು ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿ ಮುಂದೆ ನಿಂತು ತಾವೇ ಕತ್ತರಿ ಹಿಡಿದರು ಎಂದು ಕೇಳುಗರು ತಿಳಿಯುತ್ತಾರೆ. ‘ಐ ಗಾಟ್ ಮೈ ಹೇರ್ ಕಟ್’ ಎಂದರೆ ವಿಷಯ ಸ್ಪಷ್ಟವಾಗುತ್ತದೆ.

ಪದಗಳ ಅನುಕ್ರಮವೇ ಇಲ್ಲಿ ಎಲ್ಲವೂ. ಮೊದಲು ‘ಗೆಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೆಯ ರೂಪ. ‘ಐ ಗಾಟ್ ರಿಪೇರ್ಡ್ ಮೈ ಬೈಕ್’ ಎಂದು ವಸ್ತುವನ್ನು ಕೊನೆಗೆ ತಳ್ಳಿದರೆ ವಾಕ್ಯವೇ ಮುರಿಯುತ್ತದೆ.

ಯಾರ ಕೈಯಲ್ಲಿ ಮಾಡಿಸಿದಿರಿ ಎಂದು ಹೇಳಬೇಕಾದರೆ ವಾಕ್ಯ ಬದಲಾಗುತ್ತದೆ. ‘ಮೆಕ್ಯಾನಿಕ್ ಕೈಯಲ್ಲಿ ರಿಪೇರಿ ಮಾಡಿಸಿದೆ’ ಎಂಬುದು ‘ಐ ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ಇಟ್’. ಈಗ ವ್ಯಕ್ತಿ ಮೊದಲು ಬಂದ, ನಂತರ ‘ಟು’ ಬಂತು, ಕ್ರಿಯಾಪದ ಮೊದಲ ರೂಪಕ್ಕೆ ಮರಳಿತು. ‘ಮೇಕ್’ ಮತ್ತು ‘ಹ್ಯಾವ್’ ಬಳಸಿದರೆ ಈ ‘ಟು’ ಬೇಡ. ಅರ್ಥದಲ್ಲಿಯೂ ಅಂತರವಿದೆ: ‘ಮೇಕ್’ನಲ್ಲಿ ಬಲವಂತವಿದೆ, ‘ಹ್ಯಾವ್’ನಲ್ಲಿ ಹೇಳಿದರೆ ಮಾಡುವವರಿಗೆ ಹೇಳಿ ಮಾಡಿಸಿದ ಭಾವವಿದೆ, ‘ಗೆಟ್’ನಲ್ಲಿ ಒಪ್ಪಿಸಿ, ಸ್ವಲ್ಪ ಪ್ರಯತ್ನಪಟ್ಟು ಮಾಡಿಸಿದ ಭಾವವಿದೆ. ಮನೆ ಮಾಲೀಕರನ್ನು ಹಲವು ಸಲ ಕೇಳಿ ಕೊನೆಗೆ ನಲ್ಲಿ ಸರಿಮಾಡಿಸಿದವರಿಗೆ ‘ಐ ಫೈನಲಿ ಗಾಟ್ ದ ಓನರ್ ಟು ಫಿಕ್ಸ್ ದ ಟ್ಯಾಪ್’ ಎಂಬುದಕ್ಕಿಂತ ಸರಿಯಾದ ವಾಕ್ಯ ಸಿಗಲಾರದು.

ಇದೇ ರಚನೆ ಬೇರೆ ಎರಡು ಕೆಲಸಗಳನ್ನೂ ಮಾಡುತ್ತದೆ. ‘ಐ ಗಾಟ್ ದ ರಿಪೋರ್ಟ್ ಡನ್’ ಎಂದರೆ ಬೇರೆಯವರ ಕೈಯಲ್ಲಿ ಮಾಡಿಸಿದೆ ಎಂದಾಗಬೇಕಿಲ್ಲ, ನಾನೇ ಮುಗಿಸಿದೆ ಎಂದೂ ಆಗಬಹುದು. ಮ್ಯಾನೇಜರ್ ‘ಗೆಟ್ ಇಟ್ ಡನ್’ ಎಂದಾಗ ನೀವು ಮಾಡುತ್ತೀರೋ ಮಾಡಿಸುತ್ತೀರೋ ಎಂಬ ಪ್ರಶ್ನೆಯನ್ನು ನಿಮಗೇ ಬಿಟ್ಟಿರುತ್ತಾರೆ. ಇನ್ನು, ವಸ್ತುವನ್ನೇ ಕರ್ತೃ ಮಾಡಿ ‘ಮೈ ಫೋನ್ ಗಾಟ್ ಸ್ಟೋಲನ್’ ಎಂದರೆ ಅದು ಕರ್ಮಣಿ ಪ್ರಯೋಗ: ಫೋನ್ ಕಳುವಾಯಿತು. ಅನಿರೀಕ್ಷಿತವಾಗಿ ಒದಗಿದ ಕೆಡುಕನ್ನು ಹೇಳಲು ಆಡುಮಾತಿನಲ್ಲಿ ಇದು ಬಹಳ ಸಹಜ. ಠಾಣೆಗೆ ಕೊಡುವ ದೂರಿನಲ್ಲಿ ಮಾತ್ರ ‘ವಾಸ್ ಸ್ಟೋಲನ್’ ಎಂದೇ ಬರೆಯಿರಿ.

ಐದನೆಯ ಹೆಜ್ಜೆ: ಹತ್ತುವುದು, ಇಳಿಯುವುದು, ತಲುಪುವುದು

ಸ್ಥಳದ ಹೆಸರು ಬಂದರೆ ‘ಗೆಟ್ ಟು’ ಎಂಬುದು ‘ತಲುಪು’. ‘ಹೌ ಡು ಐ ಗೆಟ್ ಟು ಮೆಜೆಸ್ಟಿಕ್?’ ಎಂದು ಧೈರ್ಯವಾಗಿ ಕೇಳಬಹುದು. ಮನೆ, ಇಲ್ಲಿ, ಅಲ್ಲಿ ಎಂಬವುಗಳಿಗೆ ‘ಟು’ ಬೇಡ: ‘ಗೆಟ್ ಹೋಮ್’, ‘ಗೆಟ್ ಹಿಯರ್’, ‘ಗೆಟ್ ದೇರ್’. ‘ರೀಚ್’ ಎಂಬುದರ ಜೊತೆಗೆ ಎಂದೂ ‘ಟು’ ಹಚ್ಚಬಾರದು. ನಮ್ಮಲ್ಲಿ ಪದೇ ಪದೇ ಕೇಳಿಬರುವ ‘ರೀಚ್ಡ್ ಟು ಆಫೀಸ್’ ಈ ಎರಡೂ ಬೆರೆತು ಹುಟ್ಟಿದ್ದು.

ವಾಹನದ ವಿಷಯದಲ್ಲಿ ಕನ್ನಡಕ್ಕೆ ಹತ್ತು, ಇಳಿ ಎಂಬ ಎರಡೇ ಪದ ಸಾಕು. ಇಂಗ್ಲಿಷ್ ವಾಹನದ ಜಾತಿ ನೋಡುತ್ತದೆ. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ಮೆಟ್ರೋ, ವಿಮಾನಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಸೇರುವ ಕಾರು, ಆಟೋಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಮೇಲೆ ಕಾಲುಹಾಕಿ ಕೂರುವ ಬೈಕು, ಸೈಕಲ್ಲುಗಳಿಗೆ ಮತ್ತೆ ‘ಆನ್’, ‘ಆಫ್’. ಇಂದಿರಾನಗರದಿಂದ ಜಯನಗರಕ್ಕೆ ಮೆಟ್ರೋದಲ್ಲಿ ಹೋಗುವವರಿಗೆ ದಾರಿ ಹೇಳಬೇಕಾದರೆ ಹೀಗೆ ಹೇಳಬಹುದು: ‘ಗೆಟ್ ಆನ್ ದ ಪರ್ಪಲ್ ಲೈನ್, ಗೆಟ್ ಆಫ್ ಅಟ್ ಮೆಜೆಸ್ಟಿಕ್, ದೆನ್ ಟೇಕ್ ದ ಗ್ರೀನ್ ಲೈನ್.’

‘ಗೆಟ್ ಡೌನ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂಡಕ್ಟರುಗಳೂ ಪ್ರಯಾಣಿಕರೂ ‘ನೆಕ್ಸ್ಟ್ ಸ್ಟಾಪ್ ಗೆಟ್ ಡೌನ್’ ಎನ್ನುತ್ತಾರೆ. ಭಾರತದ ಇಂಗ್ಲಿಷಿನಲ್ಲಿ ಅದು ನೆಲೆಯೂರಿದ ಬಳಕೆ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅದಕ್ಕಾಗಿ ಯಾರೂ ನಾಚಿಕೊಳ್ಳಬೇಕಿಲ್ಲ. ಆದರೆ ಬೇರೆ ದೇಶದವರಿಗೆ ಅದು ಏಣಿಯಿಂದಲೋ ಮರದಿಂದಲೋ ಕೆಳಗಿಳಿಯುವ ಮಾತು, ಕೆಲವೊಮ್ಮೆ ‘ತಲೆ ತಗ್ಗಿಸಿ ಬಗ್ಗು’ ಎಂಬ ಎಚ್ಚರಿಕೆ. ಕ್ಯಾಬ್ ಓಡಿಸುವವರು ಇನ್ನೊಂದನ್ನೂ ಗಮನಿಸಬೇಕು: ಪ್ರಯಾಣಿಕರಿಗೆ ಬರಿದೇ ‘ಗೆಟ್ ಔಟ್’ ಎಂದರೆ ಅದು ‘ತೊಲಗು’ ಎಂದ ಹಾಗೆ. ‘ಯು ಕ್ಯಾನ್ ಗೆಟ್ ಔಟ್ ಹಿಯರ್, ಸರ್’ ಎಂದರೆ ‘ಇಲ್ಲೇ ಇಳಿಯಬಹುದು ಸಾರ್’ ಎಂಬ ಧಾಟಿ ಬರುತ್ತದೆ.

ಆರನೆಯ ಹೆಜ್ಜೆ: ‘ಗೆಟ್ ಟು’ ಆದಮೇಲೆ ಕ್ರಿಯೆ ಬಂದರೆ

ಸ್ಥಳದ ಬದಲು ಕ್ರಿಯಾಪದ ಬಂದರೆ ಅರ್ಥ ‘ಅವಕಾಶ ಸಿಗು’. ‘ಐ ಗಾಟ್ ಟು ವರ್ಕ್ ವಿತ್ ಹರ್’ ಎಂದರೆ ಅವರೊಂದಿಗೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅದೇ ‘ಐ ಹ್ಯಾವ್ ಗಾಟ್ ಟು ವರ್ಕ್’ ಎಂದರೆ ಕೆಲಸ ಮಾಡಲೇಬೇಕು. ಮಾತಿನಲ್ಲಿ ‘ಹ್ಯಾವ್’ ಸವೆದು ಕೇಳಿಸದಂತಾಗುವುದರಿಂದ ‘ಐ ಗಾಟ್ ಟು ಗೋ’ ಎಂದು ಯಾರಾದರೂ ಎದ್ದುನಿಂತರೆ ‘ಹೊರಡಲೇಬೇಕು’ ಎಂದು ತಿಳಿಯಬೇಕು. ‘ಹ್ಯಾವ್ ಗಾಟ್’ ಎಂಬುದರ ಮುಂದೆ ವಸ್ತು ಬಂದರೆ ಬರಿಯ ‘ಇದೆ’ ಎಂದು ಅರ್ಥ. ಅಮೆರಿಕದವರು ಇದರ ಜೊತೆಗೆ ‘ಗಾಟನ್’ ಎಂಬ ಹಳೆಯ ರೂಪವನ್ನೂ ಉಳಿಸಿಕೊಂಡಿದ್ದಾರೆ: ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಕೊಂಡಿದ್ದೇನೆ. ಬ್ರಿಟನ್ನಿನವರು ಸಾಮಾನ್ಯವಾಗಿ ಎರಡಕ್ಕೂ ‘ಗಾಟ್’ ಎನ್ನುತ್ತಾರೆ.

ಕೆಲಸ ಹುಡುಕುವವರು ಪತ್ರದಲ್ಲಿ ‘ಐ ಗಾಟ್ ಟು ನೋ ದ್ಯಾಟ್ ಯು ಆರ್ ಹೈರಿಂಗ್’ ಎಂದು ಬರೆಯುವುದು ಸಾಮಾನ್ಯ. ‘ಗೆಟ್ ಟು ನೋ’ ಎಂಬುದು ವ್ಯಕ್ತಿಯೊಡನೆಯೋ ಊರಿನೊಡನೆಯೋ ನಿಧಾನವಾಗಿ ಪರಿಚಯ ಬೆಳೆಯುವುದಕ್ಕೆ ಹೇಳುವ ಮಾತು. ಸುದ್ದಿ ತಿಳಿದುಬಂತು ಎನ್ನಲು ‘ಐ ಲರ್ನ್ಡ್’ ಎಂದು ಬರೆಯಿರಿ.

ಏಳನೆಯ ಹೆಜ್ಜೆ: ಜೋಡಿಪದಗಳನ್ನು ವಾಕ್ಯದೊಂದಿಗೇ ಕಲಿಯಿರಿ

‘ಗೆಟ್ ಅಪ್’ ಏಳುವುದು, ‘ಗೆಟ್ ಓವರ್’ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು, ‘ಗೆಟ್ ಅಲಾಂಗ್’ ಹೊಂದಿಕೊಂಡು ಹೋಗುವುದು, ‘ಗೆಟ್ ಬೈ’ ಇದ್ದುದರಲ್ಲಿ ಕಾಲ ತಳ್ಳುವುದು, ‘ಗೆಟ್ ರಿಡ್ ಆಫ್’ ಬೇಡವಾದದ್ದನ್ನು ತೊಲಗಿಸುವುದು, ‘ಗೆಟ್ ಅವೇ ವಿತ್’ ತಪ್ಪು ಮಾಡಿಯೂ ಶಿಕ್ಷೆಯಿಂದ ಜಾರಿಕೊಳ್ಳುವುದು. ‘ಗೆಟ್ ಥ್ರೂ’ ಎಂಬುದು ಪರೀಕ್ಷೆಗೆ ಬಂದರೆ ತೇರ್ಗಡೆಯಾಗುವುದು, ಫೋನಿಗೆ ಬಂದರೆ ಲೈನ್ ಸಿಗುವುದು. ಕಚೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ‘ಐ ವಿಲ್ ಗೆಟ್ ಬ್ಯಾಕ್ ಟು ಯು’. ವಿಚಾರಿಸಿ ಮತ್ತೆ ತಿಳಿಸುತ್ತೇನೆ ಎಂಬ ಭರವಸೆ ಅದು, ಆದ್ದರಿಂದ ಹೇಳಿದ ಮೇಲೆ ತಿಳಿಸಲೇಬೇಕು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಾಗ ‘ಇಟ್’ ನಡುವೆ ಕೂರುತ್ತದೆ: ‘ಐ ಗಾಟ್ ಇಟ್ ಬ್ಯಾಕ್’.

ಎಂಟನೆಯ ಹೆಜ್ಜೆ: ನಿಮ್ಮದೇ ಒಂದು ದಿನವನ್ನು ತಿರುಗಿಸಿ ಬರೆಯಿರಿ

ಅಭ್ಯಾಸಕ್ಕೆ ಪುಸ್ತಕದ ವಾಕ್ಯಗಳಿಗಿಂತ ನಿಮ್ಮ ದಿನಚರಿಯೇ ಮೇಲು. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ‘ನಿನ್ನೆ ಎದ್ದಾಗಲೇ ಹೊತ್ತಾಗಿತ್ತು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಇಳಿದು ಬಸ್ ಹತ್ತಿದೆ. ಮಳೆಗೆ ಸಿಕ್ಕಿಹಾಕಿಕೊಂಡು ಒದ್ದೆಯಾದೆ. ಆಫೀಸು ತಲುಪಿದಾಗ ಹನ್ನೊಂದು ಗಂಟೆ. ಮಧ್ಯಾಹ್ನ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿದೆ. ಸಂಜೆ ಹೊಸ ಡೈರೆಕ್ಟರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು.’

ಈಗ ಒಂದೊಂದೇ ವಾಕ್ಯ ತೆಗೆದುಕೊಳ್ಳಿ. ‘ಹೊತ್ತಾಗಿತ್ತು’ ಎಂಬುದು ಆಗಲೇ ಇದ್ದ ಸ್ಥಿತಿ, ಆದ್ದರಿಂದ ಅಲ್ಲಿ ‘ವಾಸ್’. ಏಳುವುದಕ್ಕೆ ‘ಗಾಟ್ ಅಪ್’: ‘ಇಟ್ ವಾಸ್ ಆಲ್‌ರೆಡಿ ಲೇಟ್ ವೆನ್ ಐ ಗಾಟ್ ಅಪ್.’ ಎರಡನೆಯದು ‘ಐ ಗಾಟ್ ಆಫ್ ದ ಮೆಟ್ರೋ ಅಟ್ ಮೆಜೆಸ್ಟಿಕ್ ಅಂಡ್ ಗಾಟ್ ಆನ್ ಎ ಬಸ್.’ ಮೂರನೆಯದರಲ್ಲಿ ಕರ್ಮಣಿಯೂ ಗುಣವಾಚಕವೂ ಒಟ್ಟಿಗೆ ಬರುತ್ತವೆ: ‘ಐ ಗಾಟ್ ಕಾಟ್ ಇನ್ ದ ರೇನ್ ಅಂಡ್ ಗಾಟ್ ವೆಟ್.’ ಉಳಿದವು ‘ಇಟ್ ವಾಸ್ ಇಲೆವೆನ್ ವೆನ್ ಐ ಗಾಟ್ ಟು ದ ಆಫೀಸ್’, ‘ಐ ಗಾಟ್ ಮೈ ಲ್ಯಾಪ್‌ಟಾಪ್ ರಿಪೇರ್ಡ್’, ‘ಐ ಗಾಟ್ ಟು ಮೀಟ್ ದ ನ್ಯೂ ಡೈರೆಕ್ಟರ್’.

ಇದನ್ನು ಸ್ನೇಹಿತರಿಗೆ ಕಳುಹಿಸುವುದಾದರೆ ಹೀಗೆಯೇ ಇರಲಿ. ತಡವಾದದ್ದಕ್ಕೆ ಮೇಲಧಿಕಾರಿಗೆ ಕೊಡುವ ಪತ್ರವಾದರೆ ಇನ್ನೊಮ್ಮೆ ಓದಿ, ಗಂಭೀರ ಬರವಣಿಗೆಗೆ ಹೊಂದುವ ಪದಗಳನ್ನು ಹಾಕಿ: ‘ಗಾಟ್ ಕಾಟ್’ ಬದಲಿಗೆ ‘ವಾಸ್ ಕಾಟ್’, ‘ಗಾಟ್ ಟು ದ ಆಫೀಸ್’ ಬದಲಿಗೆ ‘ರೀಚ್ಡ್ ದ ಆಫೀಸ್’, ‘ಗಾಟ್ ಮೈ ಲ್ಯಾಪ್‌ಟಾಪ್ ರಿಪೇರ್ಡ್’ ಬದಲಿಗೆ ‘ಹ್ಯಾಡ್ ಮೈ ಲ್ಯಾಪ್‌ಟಾಪ್ ರಿಪೇರ್ಡ್’, ‘ಗಾಟ್ ಟು ಮೀಟ್’ ಬದಲಿಗೆ ‘ಹ್ಯಾಡ್ ದ ಆಪರ್ಚುನಿಟಿ ಟು ಮೀಟ್’. ‘ಗಾಟ್ ಅಪ್’, ‘ಗಾಟ್ ಆಫ್’, ‘ಗಾಟ್ ಆನ್’ ಎಂಬ ಮೂರನ್ನು ಮಾತ್ರ ಮುಟ್ಟಬೇಡಿ. ಅವುಗಳ ಜಾಗಕ್ಕೆ ‘ಅರೋಸ್’, ‘ಅಲೈಟೆಡ್’, ‘ಬೋರ್ಡೆಡ್’ ಎಂದು ತಂದಿಟ್ಟರೆ ಪತ್ರ ಓದುವವರಿಗೆ ಭಾರವಾಗುತ್ತದೆ.